ತಿರುಗದ ಕಂಬ

2000ನೇ ಇಸವಿಯ ಡಿಸೆಂಬರ್ 26, ಮಂಗಳವಾರ, ಬೆಳಗ್ಗೆ ಹತ್ತೂ ಹತ್ತು. ನೆಜಿಹೆ ಎರಡೂ ಅಂಗೈಗಳಿಂದ ಹಿಡಿದು ತಿರುಗಿಸಿದರೂ ಕಂಬ ಅಲುಗಲಿಲ್ಲ.

ಊರಿನ ಹಳೆಯ ಮಸೀದಿಯಲ್ಲಿ, ಮೆಕ್ಕಾ ದಿಕ್ಕಿನ ಗೂಡಿನ ಪಕ್ಕದ ಆ ಅಮೃತಶಿಲೆಯ ಕಂಬ ತೋಳಿನಷ್ಟು ದಪ್ಪ, ಅವಳ ಭುಜದಷ್ಟು ಎತ್ತರ. ಮಸೀದಿ ಕಟ್ಟಿದವರು ಮೇಲೂ ಕೆಳಗೂ ಕೂದಲೆಳೆಯಷ್ಟು ಸಂದು ಬಿಟ್ಟು ಅದನ್ನು ನಿಲ್ಲಿಸಿದ್ದರು. ಗೋಡೆ ಕುಸಿಯದಿರುವವರೆಗೂ ಅದು ಬೆರಳ ತುದಿಗೇ ತಿರುಗುತ್ತದೆ; ಕುಸಿದರೆ ಮೇಲಿನ ಕಲ್ಲು ಇಳಿದು ಅದನ್ನು ಹಿಡಿದುಬಿಡುತ್ತದೆ. ಊರಿನ ಮಕ್ಕಳೆಲ್ಲ ಅದನ್ನು ತಿರುಗಿಸುತ್ತಲೇ ಬೆಳೆದವರು, ನೆಜಿಹೆಯೂ.

ಈಗ ಅವಳು ಸರ್ಕಾರದ ಎಂಜಿನಿಯರ್. ಹೊಸ ಸೇತುವೆಗಾಗಿ ನದಿಯಲ್ಲಿ ಬೇಸಿಗೆಯಿಡೀ ಕಬ್ಬಿಣದ ತೊಲೆಗಳನ್ನು ಬಡಿದಿದ್ದರು. ಆ ಅದುರಾಟಕ್ಕೆ ಮಸೀದಿಯ ತಳಪಾಯ ಸರಿದಿದ್ದರೆ ಮಧ್ಯಾಹ್ನವೇ ಬಾಗಿಲು ಮುಚ್ಚಬೇಕು. ಆಗ ನಾಳೆಯ ಹಬ್ಬದ ನಮಾಜ್ ಇಲ್ಲಿ ನಡೆಯುವುದಿಲ್ಲ.

"ಇನ್ನೊಂದ್ಸಲ ನೋಡಮ್ಮ. ಉಪವಾಸ ಅಲ್ವಾ, ನಿನ್ನ ಕೈಯಲ್ಲಿ ಕಸುವಿಲ್ಲ," ಎಂದ ಹಾಲಿಸ್. ಮೂವತ್ತು ವರ್ಷದಿಂದ ಮಸೀದಿಯನ್ನು ನೋಡಿಕೊಂಡು ಬಂದವನು.

"ಕಸುವಿನ ಮಾತಲ್ಲ, ಹಾಲಿಸ್ ತಾತ. ಮೇಲಿನ ಕಲ್ಲು ಇಳಿದಿದ್ರೆ?"

"ಇದು ಇಳಿಯೋದಾ? ನಿಮ್ಮೋರು ಕಟ್ಟಿದ ಬಸ್ ಸ್ಟ್ಯಾಂಡು ಎರಡೇ ಮಳೆಗೆ ಸೋರ್ತು. ಅದನ್ನ ನೋಡ್ಹೋಗು."

ನೆಜಿಹೆ ತಲೆಯೆತ್ತಿದಳು. ಗುಮ್ಮಟದ ಭಾರ ಎಂಟು ಕಮಾನುಗಳಲ್ಲಿ ಹಂಚಿಹೋಗಿ, ಅವಸರವಿಲ್ಲದೆ ನೆಲಕ್ಕೆ ಇಳಿಯುತ್ತಿತ್ತು. ಆ ಇಳಿತವನ್ನು ಲೆಕ್ಕದಲ್ಲಿ ಹಿಡಿಯಲು ಅವಳಿಗೆ ನಾಲ್ಕು ವರ್ಷದ ಓದು ಬೇಕಾಗಿತ್ತು. ಕಟ್ಟಿದವರ ಕೈಯಲ್ಲಿದ್ದದ್ದು ದಾರ, ಕೈವಾರ.

ಅವಳು ಮಂಡಿಯೂರಿ ಟಾರ್ಚ್ ಹಿಡಿದಳು. ಭಾರ ಬಿದ್ದಿದ್ದರೆ ಕಂಬದ ಅಂಚು ಸಿಡಿದಿರಬೇಕಿತ್ತು; ಸಿಡಿದಿರಲಿಲ್ಲ. ಸಂದಿನಲ್ಲಿ ಹಳದಿ ಗೆರೆಯೊಂದು ಕಂಡಿತು. ಉಗುರಿನಿಂದ ಕೆರೆದು ಮೂಸಿದಳು.

"ತಾತ, ಇದೇನು?"

ಹಾಲಿಸ್ ಟೋಪಿ ಸರಿಮಾಡಿಕೊಂಡ. "ಹಬ್ಬಕ್ಕೆ ಹೊಳೀಲಿ ಅಂತ... ನಮ್ಮನೆ ಜೇನಿನ ಮೇಣಾನೇ. ಬಿಸಿ ಮಾಡಿ ಹಚ್ಚಿದೆ."

"ಸಂದಿಗೂ?"

"ಧೂಳು ಕೂರಬಾರ್ದು ಅಂತ."

"ಮೇಣ ಗಟ್ಟಿಯಾಗಿ ಕಂಬಾನೇ ಹಿಡ್ಕೊಂಡಿದೆ. ನಿಮಗಿಂತ ಆ ಸೇತುವೆಯೋರೇ ವಾಸಿ!"

"ಊರಿಗೆ ಹೇಳ್ಬೇಡ ಮಗಳೇ. ನಮ್ಮವಳಿಗಂತೂ ಬೇಡವೇ ಬೇಡ."

ಒಲೆಯ ಮೇಲೆ ನೀರು ಕಾಯಿಸಿ, ಬಿಸಿ ಬಟ್ಟೆಯನ್ನು ನಾಲ್ಕು ಸಲ ಸುತ್ತಿದರು. ಮೆತ್ತಗಾದ ಮೇಣವನ್ನು ತಾಮ್ರದ ತಂತಿಯಿಂದ ಎಳೆದು ತೆಗೆದರು. ಅಷ್ಟಾದ ಮೇಲೆ ನೆಜಿಹೆ ಪಕ್ಕಕ್ಕೆ ಸರಿದಳು. "ನೀವೇ ನೋಡಿ."

ಹಾಲಿಸ್ ಎರಡು ಬೆರಳಿಟ್ಟ. ಕಂಬ ಕಲ್ಲಿನ ಸಣ್ಣ ಸದ್ದು ಮಾಡುತ್ತ ಒಂದು ಸುತ್ತು ಬಂತು. ಅವನ ಬೆನ್ನು ನೆಟ್ಟಗಾಯಿತು. "ಬರ್ಕೋ!"

"ಮೇಲಿನೋರಿಗೆ ಕಂಬ ತಿರುಗಿದ್ರೆ ಸಾಲ್ದು ತಾತ, ಅಳತೆ ಬೇಕು."

ಅವಳು ಮೇಲಿನ ಕಿಟಕಿಯ ಅಂಚಿನಿಂದ ತುದಿಗೆ ಗುಂಡು ಕಟ್ಟಿದ ತೂಕದ ದಾರ ಇಳಿಬಿಟ್ಟು ಕೆಳಗೆ ಬಂದಳು. ದಾರದ ತೊನೆದಾಟ ನಿಲ್ಲುವವರೆಗೆ ಕಾದಳು. ದಾರಕ್ಕೂ ಗೋಡೆಗೂ ನಡುವಿನ ಅಂತರವನ್ನು ಎರಡು ಸಲ ಅಳೆದು ಬರೆದುಕೊಂಡಳು.

"ಗಟ್ಟಿಯಾಗಿ ಓದು. ಕಟ್ಟಿದೋರಿಗೂ ಕೇಳಿಸ್ಲಿ," ಎಂದ ಹಾಲಿಸ್.

ಅವಳು ಗುಮ್ಮಟಕ್ಕೆ ಮುಖವೆತ್ತಿ ಓದಿದಳು. ನಾನೂರ ಮೂವತ್ತು ವರ್ಷಗಳಲ್ಲಿ, ಹನ್ನೊಂದು ಮೀಟರ್ ಎತ್ತರಕ್ಕೆ, ಗೋಡೆ ವಾಲಿದ್ದು ಎರಡು ಮಿಲಿಮೀಟರ್.