ಒತ್ತಬಾರದ ಬೆನ್ನು

ಹೊಸಪೇಟೆಯಲ್ಲಿ ಫಿಸಿಯೋಥೆರಪಿಸ್ಟುಗಳು ಬೇಕಾದಷ್ಟು ಜನ ಇರಬಹುದು, ಆದರೆ ಸಿದ್ದಲಿಂಗೇಶನ ಕೈ ಮೂರು ಲೋಕಕ್ಕೂ ಒಂದೇ. ಸಂಡೂರಿನಲ್ಲಿ ಅದಿರಿನ ಟಿಪ್ಪರ್ ಓಡಿಸಿ ಕೊಕ್ಕೆಯಂತೆ ಬಾಗಿ ಬಂದ ಡ್ರೈವರುಗಳು ಅವನ ಮಂಚದಿಂದ ಏಳುವಾಗ ಎಷ್ಟು ನೆಟ್ಟಗಾಗಿರುತ್ತಿದ್ದರೆಂದರೆ, ಹೊರಗೆ ಹೋಗುವಾಗ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಳ್ಳುತ್ತಿದ್ದರು. ನಂಬದವರು ಹೋಗಿ ನೋಡಲಿ, ಚೌಕಟ್ಟಿನಲ್ಲಿ ತಗ್ಗು ಬಿದ್ದಿದೆ.

ಅಂಥ ಕೈಗೆ ಒಂದು ಬೆನ್ನು ಮಾತ್ರ ದಕ್ಕಲಿಲ್ಲ. ಅದು ಕಂಪ್ಲಿಯಲ್ಲಿದ್ದ ಅಕ್ಕ ಅನುಸೂಯಾಳದು. ತಾಯಿ ಸತ್ತ ಮೇಲೆ ಅವನನ್ನು ಹೊತ್ತು ಬೆಳೆಸಿದವಳು ಅವಳೇ. ಅವಳ ಎದೆಯ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಮೂಳೆ ಹಪ್ಪಳದಂತಾಗಿದೆ, ಯಾರೂ ಒತ್ತಬಾರದು ಎಂದು ದೊಡ್ಡ ಡಾಕ್ಟರು ಅವನನ್ನು ಹೊರಗೆ ಕರೆದು ಹೇಳಿದ್ದರು. ಅಕ್ಕನಿಗೆ ಅವನು ಹೇಳಿರಲಿಲ್ಲ. ಅವಳೋ ದಿನವೂ ಫೋನಿನಲ್ಲಿ ಬೈಯುತ್ತಿದ್ದಳು.

“ಊರ ಮಂದಿ ಬೆನ್ನೆಲ್ಲಾ ತಿಕ್ಕತಿ. ನನ್ನ ಬೆನ್ನೇನು ಮುಳ್ಳುಕಂಟಿ ಏನ್ಲೇ?”

ತಾನು ಕಲಿತದ್ದರಲ್ಲಿ ದಾರಿಯಿಲ್ಲದಿದ್ದರೆ ಆಸ್ಟಿಯೋಪಥಿಯಲ್ಲಾದರೂ ಇರಬೇಕು ಎಂದುಕೊಂಡ ಸಿದ್ದಲಿಂಗೇಶ. ಕೈಯಿಂದಲೇ ಮೂಳೆ, ಕೀಲು, ಸ್ನಾಯುಗಳನ್ನು ಸಡಿಲಿಸುವ ಪರದೇಶದ ವಿದ್ಯೆ ಅದು. ಅದರ ಕೆಲವು ಪಟ್ಟುಗಳು ಉಸಿರಿಗಿಂತ ಹಗುರವಂತೆ. ಒಳ್ಳೆಯ ಪುಸ್ತಕವೊಂದು ಸಿಕ್ಕರೆ ಸಾಕಿತ್ತು.

ಮೂಕಣ್ಣನ ಹಳೆ ಪುಸ್ತಕದಂಗಡಿಗೆ ಹೋದ. ಹಂಪಿಗೆ ಬಂದ ಫಾರಿನ್ನಿನವರು ಕಡ್ಡಿರಾಂಪುರದ ಹೋಂಸ್ಟೇಗಳಲ್ಲಿ ಬಿಟ್ಟುಹೋದ ಪುಸ್ತಕಗಳೆಲ್ಲ ಕೊನೆಗೆ ಸೇರುವುದು ಅಲ್ಲಿಗೇ. ಹೆಸರು ಮೂಕಣ್ಣನಾದರೂ ಅವನು ಬಾಯಿ ತೆರೆದರೆ ತುಂಗಭದ್ರಾ ಡ್ಯಾಮಿನ ಗೇಟುಗಳೆಲ್ಲ ಒಟ್ಟಿಗೆ ತೆರೆದಂತೆ.

“ಕೈ ವಿದ್ಯೆದವೇನ್ರೀ ಡಾಕ್ಟ್ರೇ? ಮೂರು ಅದಾವ. ಕುಂದ್ರಿ, ನೋಡ್ರಿ.”

ಮೊದಲನೆಯದು ಹಂಪಿಯ ಸಾಸಿವೆಕಾಳು ಗಣಪನ ಕಲ್ಲುಮೂರ್ತಿಯಷ್ಟು ಭಾರ. ತೊಡೆಯ ಮೇಲಿಟ್ಟುಕೊಂಡದ್ದೇ ಕಾಲು ಜೋಮು ಹಿಡಿಯಿತು. ಸಿದ್ದಲಿಂಗೇಶ ಪಟ್ಟುಗಳನ್ನು ನೋಡದೆ, ಯಾರಿಗೆ ಮಾಡಬಾರದು ಎಂಬ ಅಧ್ಯಾಯಕ್ಕೇ ನೇರ ಹೋದ. ಮೂಳೆಗಿಳಿದ ಕ್ಯಾನ್ಸರ್ ಅಲ್ಲಿತ್ತು. ಎರಡನೆಯದರ ಬಣ್ಣದ ಚಿತ್ರಗಳಲ್ಲಿನ ಕೈಗಳು ಹೊರಗೆ ಬಂದು ಓದುವವನ ಹೆಗಲನ್ನೇ ಅಮುಕುವಷ್ಟು ಜೀವಂತ. ಅದರಲ್ಲೂ ಅದೇ ಸಾಲು, ದಪ್ಪಕ್ಷರದಲ್ಲಿ.

“ಚಿತ್ರ ಮಸ್ತ್ ಅದಾವಲ್ರೀ, ಇದನ್ನ ಒಯ್ರಿ,” ಎಂದ ಮೂಕಣ್ಣ.

“ಬ್ಯಾಡ ಮೂಕಣ್ಣ. ಒಂದು ಸಾಲು ಸರಿಯಿಲ್ಲ.”

“ಒಂದು ಸಾಲಿಗೆ ಇಡೀ ಪುಸ್ತಕ ಬ್ಯಾಡೇನ್ರೀ! ಹೆಣ್ಣು ನೋಡಾಕ ಬಂದೋರು ಸೈತ ಇಷ್ಟು ಕೊಂಕು ತಗಿಯಂಗಿಲ್ಲ.”

ಮೂರನೆಯದಕ್ಕೆ ಮುಖಪುಟವೇ ಇರಲಿಲ್ಲ. ಮೊದಲ ಅಧ್ಯಾಯಗಳನ್ನೆಲ್ಲ ಗೆದ್ದಲು ತಿಂದು ತೇಗಿತ್ತು. ಉಳಿದದ್ದರಲ್ಲಿ ತಿರುವಿ ತಿರುವಿ ಹುಡುಕಿದ. ಬೇಡವೆನ್ನುವ ಮಾತು ಎಲ್ಲೂ ಇಲ್ಲ.

“ಇದ ಇರ್ಲಿ.”

“ಅದರಾಗ ಅರ್ಧ ಇಲ್ರೀ!”

“ನನಗ ಬೇಕಾದ ಅರ್ಧ ಐತಿ.”

ಬಸ್ಸು ಕಮಲಾಪುರ ದಾಟುವಷ್ಟರಲ್ಲಿ ಪುಸ್ತಕ ಮುಗಿದಿತ್ತು, ಕಂಪ್ಲಿ ಬರುವಷ್ಟರಲ್ಲಿ ಬಾಯಿಪಾಠವೂ ಆಗಿತ್ತು. ಪಕ್ಕದವನ ಭುಜದ ಮೇಲೆ ಒಂದು ಪಟ್ಟು ಪ್ರಯೋಗಿಸಿದರೆ ಆತ ಗೊರಕೆ ಹೊಡೆದು ತನ್ನ ಊರನ್ನೇ ತಪ್ಪಿಸಿಕೊಂಡ.

ಅಕ್ಕ ಮಗ್ಗುಲಾಗಿ ಮಲಗಿದ್ದಳು.

“ಬಂದ್ರೇನಪ್ಪಾ ಸಾಹೇಬ್ರು? ನಾನು ಟಿಪ್ಪರ್ ಡ್ರೈವರ್ ಆಗಿದ್ರ ಜಲ್ದಿ ಬರ್ತಿದ್ದಿ.”

“ಹೊಸಾ ವಿದ್ಯೆ ಕಲ್ತು ಬಂದೀನಿ ಅಕ್ಕಾ. ಸುಮ್ನ ಮಲಕ್ಕೋ.”

ಪುಸ್ತಕವನ್ನು ದಿಂಬಿನ ಪಕ್ಕ ತೆರೆದಿಟ್ಟ. ತುಂಗಭದ್ರೆ ಬತ್ತಿ ಮತ್ತೆ ತುಂಬುವಷ್ಟು ನಿಧಾನವಾಗಿ ಕೈ ಇಳಿಸಿದ. ನೊಣ ಕೂತಿದ್ದರೂ ಅದಕ್ಕಿಂತ ಭಾರವಾಗುತ್ತಿತ್ತು. ಬೆರಳ ತುದಿ ತಾಗಿತು. ಅಕ್ಕ ಕೂಗಲಿಲ್ಲ, ದಿಂಬಿನ ಅಂಚು ಕಚ್ಚಿದಳು. ಅವನು ಕೈ ತೆಗೆದ.

“ಆತೇನ್ಲೇ?” ಎಂದಳು, ಉಸಿರು ಬಂದ ಮೇಲೆ.

“ಆತಕ್ಕಾ.”

“ಈ ಪುಸ್ತಕ ಅಷ್ಟು ಚಲೋ ಇಲ್ಲ ತಮ್ಮಾ. ಬ್ಯಾರೆದು ನೋಡು. ಸಿಗತೈತಿಲ್ಲೋ?”

“ಸಿಗತೈತಿ ಅಕ್ಕಾ. ಭಾಳ ಅದಾವ.”

ಅವಳಿಗೆ ಚಳಿ ಎನಿಸಿತು. ಸಿದ್ದಲಿಂಗೇಶ ಹೊದಿಕೆ ಎಳೆದ. ಅದರ ಭಾರ ಬೆನ್ನಿಗೆ ತಾಗದಂತೆ ಅಂಚನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಕೂತ.