ಶಿವರುದ್ರಪ್ಪನವರ ಹಿಮ್ಮಡಿ

ಐರ್ಲೆಂಡಿನ ಕಾರ್ಕ್ ಊರಿನ ಕನ್ನಡಿಗರ ವಾಟ್ಸಾಪ್ ಗುಂಪಿಗೆ ನಾನು ಪುಕ್ಕಟೆ ಡಾಕ್ಟರ್. ಮಗುವಿನ ಬೆನ್ನಿನ ಗುಳ್ಳೆ, ಅತ್ತೆಯ ಮೊಣಕಾಲು, ಯಾರದೋ ನಾಲಿಗೆ, ಎಲ್ಲದರ ಫೋಟೊ ನನಗೇ ಬರುತ್ತದೆ. ನಾನು ಚರ್ಮದ ಡಾಕ್ಟರ್ ಕಣ್ರಪ್ಪಾ ಎಂದು ಬಾಯಿ ಬಡಿದುಕೊಂಡರೂ ಕೇಳುವವರಿಲ್ಲ. ನಮ್ಮವರೇ ಒಬ್ಬರು ಇರುವಾಗ ಇಲ್ಲಿನ ಕ್ಲಿನಿಕ್ಕಿಗೆ ಯಾಕೆ ಫೋನ್ ಮಾಡಬೇಕು ಎಂಬ ಧೋರಣೆ. ನಾನೂ ಗೊಣಗುತ್ತಲೇ ಉತ್ತರ ಕೊಡುತ್ತಿದ್ದೆ. ಸುಳ್ಳು ಯಾಕೆ, ಅದರಲ್ಲಿ ನನಗೊಂದು ಜಂಬವೂ ಇತ್ತು.

೨೦೨೦ರ ಏಪ್ರಿಲ್‌ನಲ್ಲಿ ನನ್ನ ನಂಬರಿಗೇ ಶಿವರುದ್ರಪ್ಪನವರ ಕಾಲಿನ ಫೋಟೊ ಬಂತು. ಮೈಸೂರಿನವರು, ಊರಾಚೆ ಲಿಟಲ್ ಐಲ್ಯಾಂಡಿನ ಔಷಧ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುವವರು, ಯುಗಾದಿಗೆ ಎಲ್ಲರ ಮನೆಗೂ ಒಬ್ಬಟ್ಟು ಹಂಚುವ ಮನುಷ್ಯ. ಬಲ ಹಿಮ್ಮಡಿಯಲ್ಲಿ ಹುಣಸೆ ಬೀಜದಷ್ಟು ಕಪ್ಪು. "ಸಾವಿತ್ರಿ ಮೇಡಂ, ಆಣಿ ಅನ್ಸುತ್ತೆ. ಲಾಕ್‌ಡೌನಲ್ಲಿ ಮನೆಯಿಂದ ಎರಡು ಕಿಲೋಮೀಟರ್ ಒಳಗೇ ಸುತ್ತಿ ಸುತ್ತಿ ಕಾಲು ಸವೆದುಹೋಗಿದೆ" ಎಂದು ಬರೆದಿದ್ದರು.

ಆಗ ನನ್ನನ್ನು ಕೋವಿಡ್ ವಾರ್ಡಿಗೆ ಹಾಕಿದ್ದರು. ಗ್ಲೌಸ್ ಬಿಚ್ಚಿದವಳೇ, ಫೋಟೊ ದೊಡ್ಡದು ಮಾಡಿಯೂ ನೋಡದೆ ಬರೆದೆ: "ಆಣಿನೇ. ಗ್ರ್ಯಾಂಡ್. ಚಿಂತೆ ಮಾಡ್ಬೇಡಿ." ಏನೂ ತೊಂದರೆಯಿಲ್ಲ ಎನ್ನಲು ಇಲ್ಲಿನವರು ಗ್ರ್ಯಾಂಡ್ ಅನ್ನುತ್ತಾರೆ, ನನಗೂ ಅಂಟಿತ್ತು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಬಿಸಿಲಿಗೆ ಸುಡುವ ಬಿಳಿಯರದ್ದು, ನಮ್ಮವರದ್ದಲ್ಲ ಎಂಬುದು ನನ್ನೊಳಗೆ ಎಲ್ಲೋ ಕೂತುಬಿಟ್ಟಿತ್ತು. ನಮ್ಮಂಥವರಿಗೆ ಬಂದರೆ ಹೆಚ್ಚಾಗಿ ಅಂಗಾಲಿಗೇ ಬರುತ್ತದೆ ಎಂದು ಓದಿ ಪಾಸಾದವಳೂ ನಾನೇ.

ಮರುವರ್ಷ ಜನವರಿಯಲ್ಲಿ ಅವರು ಕುಂಟುತ್ತಾ ನಮ್ಮ ಆಸ್ಪತ್ರೆಗೆ ಬಂದರು. ರಕ್ತ ಒಸರಲು ಶುರುವಾದ ಮೇಲೆ ಹೆಂಡತಿ ವಾಸಂತಿ ಹಠ ಹಿಡಿದು ತಮ್ಮ ಜಿಪಿಯಿಂದ, ಅಂದರೆ ಮನೆ ಡಾಕ್ಟರಿಂದ, ನಮಗೆ ಪತ್ರ ಬರೆಸಿದ್ದರು. ಕೋವಿಡ್ ನಿಯಮದಂತೆ ರೋಗಿಗೆ ಮಾತ್ರ ಪ್ರವೇಶ, ವಾಸಂತಿ ಹೊರಗೆ ಕಾರಿನಲ್ಲಿ ಕೂತಿದ್ದರು.

ಹಿಮ್ಮಡಿಗೆ ಜೆಲ್ ಹಚ್ಚಿ ಡರ್ಮೋಸ್ಕೋಪ್ ಇಟ್ಟೆ. ದೀಪವಿರುವ ಭೂತಗನ್ನಡಿ, ಅಷ್ಟೆ. ಅದರಲ್ಲಿ ಅಂಗಾಲಿನ ಚರ್ಮ ಉತ್ತ ಹೊಲದ ಹಾಗೆ ಸಾಲು ಸಾಲಾಗಿ ಕಾಣುತ್ತದೆ. ಕಪ್ಪು ಸಾಲಿನ ತಗ್ಗಿನಲ್ಲಿದ್ದರೆ ಸಾಮಾನ್ಯವಾಗಿ ಬರೀ ಮಚ್ಚೆ. ದಿಣ್ಣೆಯ ಮೇಲಿದ್ದರೆ ಹೆದರಬೇಕು. ದಿಣ್ಣೆಯ ಮೇಲಿತ್ತು. ಒಂದರ ಮೇಲಲ್ಲ, ಎಲ್ಲದರ ಮೇಲೂ. ತೊಡೆಸಂದು ಮುಟ್ಟಿ ನೋಡಿದೆ, ಗಂಟು ಸಿಕ್ಕಿತು. ಅಯ್ಯೋ ನನ್ನ ಕರ್ಮವೇ! ಏಪ್ರಿಲ್‌ನಲ್ಲಿ ಕರೆಸಿ ನೋಡಲು ಒಂದು ನಿಮಿಷ ಸಾಕಿತ್ತು.

ಮೂರು ವಾರದಲ್ಲಿ ಬಯಾಪ್ಸಿ, ಸ್ಕ್ಯಾನ್ ಎರಡೂ ಬಂದವು. ಶ್ವಾಸಕೋಶಕ್ಕೂ ಲಿವರಿಗೂ ಹರಡಿತ್ತು. ಅವರನ್ನು ಮತ್ತೆ ಕರೆಸಿ, ಹಿಮ್ಮಡಿಯ ಗಾಯ ನೋಡಿ, ಔಷಧಿಯಿಂದ ಒಂದಷ್ಟು ತಿಂಗಳು ಸಿಗಬಹುದು ಎಂದೆ. ಇನ್ನೊಂದು ಮಾತೂ ಹೇಳಲೇಬೇಕಿತ್ತು.

"ಶಿವರುದ್ರಪ್ಪನವರೇ, ಏಪ್ರಿಲಲ್ಲಿ ನೀವು ಕಳಿಸಿದ ಫೋಟೊ..."

"ಯಾವ ಫೋಟೊ?"

"ನಾನು ಆಣಿ ಅಂದಿದ್ದೆ. ತಪ್ಪು ನಂದು. ಅವತ್ತೇ ಕರೆಸಿ ನೋಡಿದ್ರೆ ನೀವು ಉಳೀತಿದ್ರೇನೋ."

ಅವರು ನಿಧಾನವಾಗಿ ಸಾಕ್ಸ್ ಏರಿಸಿಕೊಂಡರು. "ಬಿಡಿ ಮೇಡಂ. ರಕ್ತ ಬಂದ ದಿನಾನೇ ಅದನ್ನ ಡಿಲೀಟ್ ಮಾಡ್ದೆ. ವಾಸಂತಿಗೆ ಗೊತ್ತಾಗೋದು ಬೇಡ. ನಾಳೆ ನಾನಿಲ್ದೇ ಇದ್ರೆ ಈ ಊರಲ್ಲಿ ಅವಳಿಗೆ ಅಂತ ಇರೋರು ನೀವೊಬ್ರೇ ಅಲ್ವಾ?"

"ಹಾಗನ್ಬೇಡಿ. ನಾನೇ ಅವರಿಗೆ ಹೇಳ್ತೀನಿ."

"ಬೇಡ ಅಂದ್ನಲ್ಲ" ಎಂದು ಗದರಿದರು. ಅವರು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸಂಜೆ ವಾಸಂತಿಯ ಮೆಸೇಜ್ ಬಂತು. "ಅಕ್ಕಾ, ನೀವಿದ್ದೀರಿ ಅಂತ ಧೈರ್ಯ. ಅಷ್ಟು ದಿನ ಯಾರಿಗೂ ತೋರಿಸ್ದೆ ಸುಮ್ನಿದ್ರಲ್ಲಾ ಅಂತ ಇವರಿಗೆ ಬಾಯಿಗೆ ಬಂದ ಹಾಗೆ ಬೈದ್ಬಿಟ್ಟೆ. ತಲೆ ತಗ್ಗಿಸ್ಕೊಂಡು ಕೂತಿದ್ದಾರೆ, ಒಂದು ಮಾತೂ ಆಡ್ತಿಲ್ಲ."

ನನ್ನ ಫೋನಿನಲ್ಲಿ ಆ ಫೋಟೊ ಇನ್ನೂ ಇದೆ, ಅದರ ಕೆಳಗೆ ನನ್ನ ಗ್ರ್ಯಾಂಡ್ ಕೂಡ. ವಾಸಂತಿಗೆ ನಾನು ಉತ್ತರ ಬರೆಯಲಿಲ್ಲ.