ಕುಪ್ಪೇಲೂರಿನ ಮೇಲೆ ಬಿದ್ದ ವಿಮಾನ

ಶಾಹೀನಳ ವಿಮಾನ ಹುಬ್ಬಳ್ಳಿಯ ಹತ್ತಿರ ಬಂದಾಗಲೆಲ್ಲ ಏನಾದರೊಂದು ಆಗುತ್ತಿತ್ತು. ರನ್‌ವೇ ಕಣ್ಣೆದುರು ಕಾಣುತ್ತಿರುವಾಗಲೇ ಕರೆಂಟು ಹೋಗುತ್ತಿತ್ತು. ಕರೆಂಟು ಇದ್ದ ದಿನ ಹಾಲಿನವನು ಬಂದು ಬಾಗಿಲು ಬಡಿಯುತ್ತಿದ್ದ. ಎರಡೂ ಇಲ್ಲವೆಂದರೆ ಜಾಯ್‌ಸ್ಟಿಕ್ಕು ತನ್ನ ಹಳೆಯ ರೋಗ ತೋರಿಸುತ್ತಿತ್ತು. ಕೈ ಬಿಟ್ಟರೂ ಅದು ಎಡಕ್ಕೇ ವಾಲುತ್ತಿತ್ತು. ಅದರೊಂದಿಗೆ ವಿಮಾನವೂ ವಾಲಿ, ರನ್‌ವೇ ಬಿಟ್ಟು ಪಕ್ಕದ ಹೊಲಕ್ಕೆ ಹೋಗಿ ಕೂರುತ್ತಿತ್ತು.

ರಾಣೆಬೆನ್ನೂರಿನ ಒಂದು ಹೈಸ್ಕೂಲಿನಲ್ಲಿ ಆಕೆ ವಿಜ್ಞಾನ ಕಲಿಸುತ್ತಿದ್ದಳು. ನಿಜವಾದ ವಿಮಾನವನ್ನು ನೋಡಿದ್ದು ಒಂದೇ ಸಲ, ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ, ಹುಬ್ಬಳ್ಳಿ ವಿಮಾನ ನಿಲ್ದಾಣದ ತಂತಿ ಬೇಲಿಯ ಆಚೆ. ಮಕ್ಕಳು ಚೀರಾಡಿ ಸುಮ್ಮನಾದರು. ಇವಳಿಗೆ ಮಾತ್ರ ಆ ಹುಚ್ಚು ಇಳಿಯಲಿಲ್ಲ. ಮನೆಗೆ ಬಂದವಳೇ ಕಂಪ್ಯೂಟರಿಗೆ ವಿಮಾನ ಹಾರಿಸುವ ಆಟ ಹಾಕಿಕೊಂಡಳು. ಆಟವೆಂದರೆ ಗುಂಡು ಹೊಡೆಯುವ ಆಟವಲ್ಲ. ಒಳಗಿನ ಗುಂಡಿ, ಮುಳ್ಳು, ದೀಪ ಎಲ್ಲವೂ ಖರೇ ವಿಮಾನದಲ್ಲಿದ್ದಂತೆಯೇ ಇರುವಂಥದ್ದು. ಕಲಿಯಲು ತಿಂಗಳುಗಟ್ಟಲೆ ಬೇಕಾಯಿತು.

ಗಂಡ ಅಶ್ಫಾಕನಿಗೂ ಅಂಥದೇ ಒಂದು ಚಟವಿತ್ತು. ಪೇಟೆಯಲ್ಲಿ ಪಾತ್ರೆ ಅಂಗಡಿ ನಡೆಸುವ ಅವನು ಹಗಲೆಲ್ಲ ನಿಜವಾದ ಗಿರಾಕಿಗಳ ಕೂಡ ಗುದ್ದಾಡಿ, ಸಂಜೆ ಮನೆಗೆ ಬಂದು ಕಂಪ್ಯೂಟರಿನಲ್ಲಿ ಸುಳ್ಳು ಅಂಗಡಿ ತೆರೆಯುತ್ತಿದ್ದ. ಸೋಪು, ಬಿಸ್ಕತ್ತು, ಎಣ್ಣೆ ಡಬ್ಬಿಗಳನ್ನು ಸಾಲಾಗಿ ಜೋಡಿಸುವುದು, ಕೆಲಸಗಾರರನ್ನು ಇಟ್ಟುಕೊಳ್ಳುವುದು, ಬಿಡಿಸುವುದು. ಮನೆಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಜಗಳ ತಪ್ಪುತ್ತಿರಲಿಲ್ಲ.

ಹೀಗಿರುವಾಗ ಶಾಹೀನಳ ಅತ್ತೆ ಜೈತೂನಬಿ ಉಮ್ರಾಕ್ಕೆ ಹೋಗುವುದು ಗಟ್ಟಿಯಾಯಿತು. ಮೆಕ್ಕಾ ನೋಡಬೇಕೆಂದು ಆಕೆ ಹರೆಯದಿಂದ ಹಂಬಲಿಸಿದ್ದಳು. ಮಗ ಅಶ್ಫಾಕ ಜೊತೆಗೆ ಹೊರಟಿದ್ದ. ಹಾವೇರಿಯ ಏಜೆಂಟು ಬೆಂಗಳೂರಿನಿಂದ ಟಿಕೆಟ್ಟು ಮಾಡಿಸಿದ್ದ. ನೆಂಟರು ಬಂದು ಮುಬಾರಕ್ ಹೇಳಿ ಹೋದರು. ಎಲ್ಲರೂ ಹೋದ ಮೇಲೆ ಜೈತೂನಬಿ ಅಡುಗೆಮನೆಗೆ ಬಂದು ಸೊಸೆಯ ಕಿವಿಯಲ್ಲಿ ಕೇಳಿದಳು.

"ಶಾಹೀನಾ, ಹಡಗಿನ್ಯಾಗ ಹೋಗಾಕ ಬರಂಗಿಲ್ಲೇನು?"

"ಈಗ ಹಡಗ ಎಲ್ಲಿಂದ ಬರ್ಬೇಕ್ರಿ ಅಮ್ಮೀ? ಯಾಕ, ವಿಮಾನಕ್ಕ ಹೆದರ್ಕೀ ಏನು?"

ಜೈತೂನಬಿ ಸೆರಗು ಎಳೆದುಕೊಂಡು ಹೊರಗೆ ನಡೆದಳು. ಆ ದಿನದಿಂದ ಆಕೆಗೆ ರೊಟ್ಟಿ ಸೇರದಾಯಿತು. ಅಶ್ಫಾಕನಿಗೆ ಹೇಳಿದರೆ ಅವನು ನಕ್ಕುಬಿಟ್ಟ. "ವಯಸ್ಸಾದೋರು ಹಂಗ ಮಾಡ್ತಾರ. ಕುಂತ ಮ್ಯಾಲ ಸರಿಹೋಗ್ತೈತಿ" ಎಂದು ಸೋಪಿನ ಡಬ್ಬಿ ಜೋಡಿಸತೊಡಗಿದ.

ಶಾಹೀನಳಿಗೆ ಆಗ ಆ ಉಪಾಯ ಹೊಳೆಯಿತು. ಅತ್ತೆಯನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಏರುವುದರಿಂದ ಇಳಿಯುವವರೆಗೆ ಎಲ್ಲವನ್ನೂ ಪರದೆಯ ಮೇಲೆ ತೋರಿಸಿಬಿಟ್ಟರೆ ಹೆದರಿಕೆ ಹೋಗದೆ ಎಲ್ಲಿಗೆ ಹೋದೀತು? ಮಕ್ಕಳಿಗೆ ಗ್ರಹಣ ಕಲಿಸುವುದೂ ಹೀಗೇ ಅಲ್ಲವೇ?

ತಯಾರಿ ಶುರುವಾಯಿತು. ಶಾಲೆಯಿಂದ ಬಂದವಳೇ ಅಭ್ಯಾಸಕ್ಕೆ ಕೂರುತ್ತಿದ್ದಳು. ಹುಬ್ಬಳ್ಳಿಯಿಂದ ಹಾರಿ, ಹಾವೇರಿ, ರಾಣೆಬೆನ್ನೂರು ತೋರಿಸಿ, ಬೆಂಗಳೂರಿನಲ್ಲಿ ಹೂವಿನಂತೆ ಇಳಿಸಬೇಕು. ಜಾಯ್‌ಸ್ಟಿಕ್ಕಿನ ಬುಡಕ್ಕೆ ರಬ್ಬರ್ ಬ್ಯಾಂಡು ಸುತ್ತಿ ಎಡಕ್ಕೆ ವಾಲದಂತೆ ಮಾಡಿಕೊಂಡಳು. ಕೈ ಪಳಗಿತು ಎನ್ನುವಷ್ಟರಲ್ಲಿ ಒಂದು ಸಂಜೆ ನೋಡುತ್ತಾಳೆ, ಆಟವೇ ಇಲ್ಲ.

"ಜಾಗ ಸಾಲ್ಲಿಲ್ಲ, ನಿನ್ನದು ತಗದೆ" ಎಂದ ಅಶ್ಫಾಕ, ಸಹಜವಾಗಿ. "ನನ್ನ ಅಂಗಡ್ಯಾಗ ಹೊಸಾ ಗೋದಾಮು ಕಟ್ಟಾಕತ್ತಿದ್ದೆ."

"ನಿಮ್ಮ ಸುಳ್ಳ ಗೋದಾಮಿಗೆ ನನ್ನ ವಿಮಾನ ತಗದ್ರ್ಯಾ?"

"ನಿನ್ನ ವಿಮಾನೇನು ಖರೇದ್ದ?"

ಶಾಹೀನ್ ಆ ರಾತ್ರಿಯೇ ಹಳೆಯ ಸಿನಿಮಾಗಳನ್ನು ಅಳಿಸಿ ಜಾಗ ಮಾಡಿಕೊಂಡಳು. ಆಟವನ್ನು ಮತ್ತೆ ಇಳಿಸಿಕೊಳ್ಳುವ ಹೊತ್ತಿಗೆ ಇಂಟರ್ನೆಟ್ಟು ಸತ್ತು, ಬದುಕಿ, ಮತ್ತೆ ಸತ್ತು ಆಕೆಯ ತಾಳ್ಮೆಯನ್ನು ಹಿಂಡಿ ಹಾಕಿತು. ಹಾಗೂ ಹೀಗೂ ಮಾಡಿ, ರವಿವಾರ ಊಟವಾದ ಮೇಲೆ ಅತ್ತೆಯನ್ನು ಕಂಪ್ಯೂಟರಿನ ಮುಂದೆ ಕೂಡಿಸಿದಳು. ಬೆಲ್ಟಿನ ರೂಢಿಯಾಗಲೆಂದು ಒಂದು ಓಢಣಿಯನ್ನು ಆಕೆಯ ಸೊಂಟಕ್ಕೂ ಕುರ್ಚಿಗೂ ಸೇರಿಸಿ ಕಟ್ಟಿದಳು. ಜೈತೂನಬಿ ಮನಸ್ಸಿನಲ್ಲೇ ಏನೋ ಓದಿಕೊಂಡು ಕಣ್ಣು ಕಿರಿದು ಮಾಡಿ ಪರದೆ ನೋಡಿದಳು.

ವಿಮಾನ ಎಷ್ಟು ಚೆಂದ ಏರಿತೆಂದರೆ ಶಾಹೀನಳಿಗೇ ಬೆರಗಾಯಿತು.

"ನೋಡ್ರಿ ಅಮ್ಮೀ, ಏನರ ಆತೇನು?"

"ಏನೂ ಆಗ್ಲಿಲ್ಲ" ಎಂದಳು ಜೈತೂನಬಿ. ಕೈ ಕುರ್ಚಿಯನ್ನು ಬಿಟ್ಟು ತೊಡೆಯ ಮೇಲೆ ಬಂದಿತ್ತು. ಹಾವೇರಿ ದಾಟಿತು. ರಾಣೆಬೆನ್ನೂರು ಬಂದಾಗ ಆಕೆ ಮುಂದಕ್ಕೆ ಬಾಗಿದಳು.

"ಇದ ನಮ್ಮ ಊರಾ? ದರ್ಗಾ ಎಲ್ಲೈತಿ? ಕೆರಿ ಎಲ್ಲೈತಿ?"

ಹಳೆಯ ಕಂಪ್ಯೂಟರು. ಅದು ಎಲ್ಲ ಊರಿಗೂ ಒಂದೇ ನಮೂನೆಯ ಡಬ್ಬಿಯಂಥ ಮನೆಗಳನ್ನು ಕೂಡಿಸಿತ್ತು. ನಡುವೆ ಬರೀ ಹಸಿರು.

"ಸಣ್ಣ ಸಣ್ಣದು ಎಲ್ಲಾ ತೋರ್ಸಂಗಿಲ್ಲರಿ."

"ದರ್ಗಾ ಸಣ್ಣದೇನು?" ಜೈತೂನಬಿಗೆ ಅಸಮಾಧಾನವಾಯಿತು. "ಹೋಗ್ಲಿ, ನಮ್ಮ ಕುಪ್ಪೇಲೂರರ ತೋರ್ಸು. ನಾ ಹುಟ್ಟಿದ ಊರು."

ಬೇಡ ಎನ್ನಬೇಕಿತ್ತು. ಆದರೆ ಅತ್ತೆ ಎಷ್ಟೋ ದಿನಗಳ ಮೇಲೆ ತಾನಾಗಿಯೇ ಏನನ್ನೋ ಕೇಳಿದ್ದಳು. ಶಾಹೀನ್ ವಿಮಾನವನ್ನು ಕೆಳಗಿಳಿಸಿ ತಿರುಗಿಸಿದಳು. ಕಾಣಲಿ ಎಂದು ವೇಗ ಕಡಿಮೆ ಮಾಡಿದಳು. "ಅಗೋ, ಅಲ್ಲಿ ಮೂಲ್ಯಾಗ ಮನೀ ಅದಾವಲ್ಲ, ಅದ ಕುಪ್ಪೇಲೂರು" ಎಂದು ಅಂದಾಜಿನಲ್ಲಿ ಬೆರಳು ತೋರಿಸಿದಳು. ಆಗಲೇ ಪಟ್ಟೆಂದು ರಬ್ಬರ್ ಬ್ಯಾಂಡು ಹರಿಯಿತು. ಜಾಯ್‌ಸ್ಟಿಕ್ಕು ಎಡಕ್ಕೆ ಬಿತ್ತು. ವಿಮಾನ ಒಂದು ರೆಕ್ಕೆಯ ಮೇಲೆ ನಿಂತಿತು. ಎಚ್ಚರಿಕೆಯ ಗಂಟೆ ಕಿರುಚತೊಡಗಿತು. ಶಾಹೀನ್ ವೇಗ ಹೆಚ್ಚಿಸಿದಳು, ಬಲಕ್ಕೆ ಎಳೆದಳು, ಕೂಗಿದಳು. ನೆಲ ಗಿರಗಿರನೆ ತಿರುಗುತ್ತ ಮೇಲೆ ಬಂತು. ಪರದೆ ಕಪ್ಪಾಯಿತು.

ಜೈತೂನಬಿ ಕಪ್ಪು ಪರದೆಯತ್ತ ಬೆರಳು ತೋರಿಸಿದಳು.

"ಎಲ್ಲಾ ಬಿಟ್ಟು ನಮ್ಮೂರ ಮ್ಯಾಲೇ ಬಿತ್ತಲ್ಲ" ಎಂದಳು. ಓಢಣಿಯ ಗಂಟನ್ನು ತಾನೇ ಬಿಚ್ಚಿಕೊಂಡು ಎದ್ದು ಒಳಗೆ ಹೋದಳು.

ಆ ಸಂಜೆಯೇ ಆಕೆ ಮಗನಿಗೆ ಖಡಾಖಂಡಿತ ಹೇಳಿದಳು. "ನಾ ಒಲ್ಲೆ. ಮನ್ಯಾಗ ಕುಂತು ಬೇಡಿದ್ರೂ ಅಲ್ಲಾಹ ಕೇಳಸ್ಕೊಂತಾನ."

ಅಶ್ಫಾಕ ಹೆಂಡತಿಯ ಮೇಲೆ ಹರಿಹಾಯ್ದ. "ಹೆದರ್ಕಿ ಬಿಡ್ಸು ಅಂತ ನಿನಗ ಯಾರ ಹೇಳಿದ್ರು? ಬಾಯಿಲೆ ಹೇಳೂದು ಬಿಟ್ಟು ಬೀಳ್ಸಿ ತೋರ್ಸೀದಿ!"

ಶಾಹೀನ್ ತಪ್ಪನ್ನು ಸರಿಪಡಿಸಲು ಮಾಡದ ಪ್ರಯತ್ನವಿಲ್ಲ. ಖರೇ ವಿಮಾನ ನಡೆಸುವವರು ಎಷ್ಟು ಕಲಿತಿರುತ್ತಾರೆಂದು ಹೇಳಿದಳು, ಜಾಯ್‌ಸ್ಟಿಕ್ಕಿನ ದೋಷವೆಂದು ಅದನ್ನೇ ಬಿಚ್ಚಿ ತೋರಿಸಿದಳು. ಮತ್ತೊಂದು ಸಲ ನೋಡಿರೆಂದು ಬೇಡಿಕೊಂಡರೆ ಜೈತೂನಬಿ ಕಂಪ್ಯೂಟರ್ ಇದ್ದ ಕೋಣೆಯ ಹೊಸ್ತಿಲನ್ನೇ ತುಳಿಯಲಿಲ್ಲ. ಮೇಲಾಗಿ, ಸೊಸೆ ಕುಪ್ಪೇಲೂರಿನ ಮೇಲೆ ವಿಮಾನ ಕೆಡವಿದ ಸುದ್ದಿ ಓಣಿಯೆಲ್ಲ ಹಬ್ಬಿ ಶಾಲೆಯವರೆಗೂ ಬಂತು. ಸ್ಟಾಫ್ ರೂಮಿನಲ್ಲಿ ಗಣಿತದ ಪುಷ್ಪಲತಾ ಟೀಚರು, "ಶಾಹೀನ್ ಮೇಡಂ, ಇವತ್ತ ಶಾಲಿ ಮ್ಯಾಲ ಏನೂ ಇಲ್ಲಲ್ಲರಿ?" ಎಂದು ಮಾಳಿಗೆ ನೋಡಿ ನಕ್ಕರು. ಶಾಹೀನಳಿಗೆ ಚಹಾದ ಕಪ್ಪನ್ನು ನೆಲಕ್ಕೆ ಅಪ್ಪಳಿಸುವಷ್ಟು ಸಿಟ್ಟು ಬಂತು. ಆಮೇಲೆ ಆಕೆಯೂ ಸೋತು ಸುಮ್ಮನಾದಳು. ಆಟದ ಕಡೆ ನೋಡುವುದನ್ನೂ ಬಿಟ್ಟಳು.

ಅಶ್ಫಾಕ ಟಿಕೆಟ್ಟು ರದ್ದು ಮಾಡಿಸಿರಲಿಲ್ಲ. ಹೊರಡುವ ದಿನ ಹತ್ತಿರ ಬಂತು. ಒಂದು ಮಧ್ಯಾಹ್ನ ಶಾಹೀನ್ ಕಾಯಿಪಲ್ಯ ಹೆಚ್ಚುತ್ತ ಕೂತಿದ್ದಾಗ ಜೈತೂನಬಿ ಎದುರಿಗೆ ಬಂದು ಕೂತಳು. ಸುಮ್ಮನೆ ಎರಡು ಬದನೆಕಾಯಿ ತಿರುವಿ ನೋಡಿದಳು.

"ಅವತ್ತ ಬಿತ್ತಲ್ಲ, ಅದರಾಗಿನ ಮಂದಿ ಏನಾದ್ರು?"

"ಅದರಾಗ ಮಂದೀನ ಇರ್ಲಿಲ್ಲರಿ ಅಮ್ಮೀ. ಖಾಲಿ ಇತ್ತು."

"ಖಾಲಿ ವಿಮಾನ ಯಾಕ ಹಾರಸ್ತಿ ಮತ್ತ?"

ಶಾಹೀನ್ ಇನ್ನೊಂದು ಬದನೆಕಾಯಿ ಕೈಗೆತ್ತಿಕೊಂಡಳು. ಜೈತೂನಬಿ ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

"ಬೀಳೂದಕ್ಕ ನನಗ ಹೆದರ್ಕಿಲ್ಲ, ಅದು ಬರೇ ನೆವಾ. ಬಿದ್ರ ಉಮ್ರಾದ ಹಾದ್ಯಾಗ ಸತ್ತಂಗಾತು. ನನ್ನ ತ್ರಾಸ ಬ್ಯಾರೇನ ಐತಿ. ಆ ವಿಮಾನದಾಗ ನಡುವ ಎದ್ದು ಹೋಗಾಕ ಬರ್ತೈತೇನು? ನನಗ ತಾಸಿಗೊಮ್ಮೆ ಹೋಗ್ಬೇಕಾಗ್ತೈತಿ. ಹಾವೇರಿಗೆ ಹೋದ್ರೂ ನೀರ ಕುಡ್ಯಾಂಗಿಲ್ಲ ನಾ. ಮಗನ ಮುಂದ ಹೆಂಗ ಕೇಳ್ಲಿ?"

ಶಾಹೀನ್ ಚಾಕು ಕೆಳಗಿಟ್ಟಳು. ಇಷ್ಟು ದಿನ ಏರಿಸಿದ್ದೇನು, ಇಳಿಸಿದ್ದೇನು, ಓಢಣಿ ಕಟ್ಟಿದ್ದೇನು! ಅತ್ತೆಯ ಮೇಲೆ ಸಿಟ್ಟು ಬಂತು, ಕೇಳದೆ ಹೋದ ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಹಡಗಿನ ಮಾತು ಬಂದಾಗ ಹೆದರಿಕೆಯೇ ಎಂದು ತಾನೇ ಕೇಳಿ, ತಾನೇ ಹೌದೆಂದುಕೊಂಡಿದ್ದಳು.

"ಹೋಗಾಕ ಬರ್ತೈತ್ರಿ. ಒಳಗ ಸಣ್ಣ ಕ್ವಾಣಿ ಇರ್ತಾವು."

"ಹೆಂಗ ಇರ್ತಾವು? ಬಾಗ್ಲಾ ಹಾಕ್ಕೊಳ್ಳಾಕ ಬರ್ತೈತಿ? ನೀರ ಇರ್ತೈತಿ? ಯಾರನ್ನರ ಕೇಳಿ ಏಳ್ಬೇಕೇನು?"

ಆಟದಲ್ಲಿ ನೂರಾರು ಗುಂಡಿಗಳಿದ್ದವು. ಇಂಧನ ಎಷ್ಟಿದೆ, ಗಾಳಿ ಎತ್ತಲಿಂದ ಬೀಸುತ್ತಿದೆ ಎಲ್ಲ ಗೊತ್ತಾಗುತ್ತಿತ್ತು. ಆದರೆ ಚಾಲಕರ ಕೋಣೆಯ ಹಿಂದಿನ ಬಾಗಿಲು ಎಂದೂ ತೆರೆದಿರಲಿಲ್ಲ. ಶಾಹೀನ್ ಸೋತ ದನಿಯಲ್ಲಿ ಹೇಳಿದಳು.

"ಗೊತ್ತಿಲ್ಲರಿ ಅಮ್ಮೀ. ನಾನರ ಯಾವಾಗ ಕುಂತೇನಿ?"

ಮರುದಿನ ಇಬ್ಬರೂ ಬ್ಯಾಡಗಿಯ ಬಸ್ಸು ಹತ್ತಿದರು. ಜೈತೂನಬಿಯ ಚಿಕ್ಕಮ್ಮನ ಮಗಳು ಅಕ್ಬರಬಿ ಅಲ್ಲಿದ್ದಳು. ಹೋದ ವರ್ಷ ಉಮ್ರಾ ಮುಗಿಸಿ ಬಂದವಳು. ಮೆಣಸಿನಕಾಯಿ ಸುಗ್ಗಿಯ ದಿನಗಳು. ಬಸ್ಸಿನಿಂದ ಇಳಿದಾಗಿನಿಂದ ಶಾಹೀನ್ ಸೀನುತ್ತಲೇ ಇದ್ದಳು. ಅಕ್ಬರಬಿ ಪೂರ್ತಿ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಎದ್ದು ಹೋಗಿ ಕಪಾಟಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ನಿಂತಳು.

"ಇಷ್ಟ ಜಾಗಾ ಇರ್ತೈತಿ ನೋಡವಾ. ಬಾಗ್ಲಾ ನೂಕಿದ್ರ ನಡುವ ಮಡಚತೈತಿ. ಚಿಲ್ಕಾ ಸರಿಸಿದ್ಮ್ಯಾಲ ದೀಪಾ ಜೋರಾಗ್ತೈತಿ. ನೀರು ಸಣ್ಣಗ ಬರ್ತೈತಿ, ಒಂದು ಪ್ಲಾಸ್ಟಿಕ್ ಲೋಟಾ ಚೀಲದಾಗ ಇಟ್ಕೋ. ಕಡೀಕ ಗುಂಡಿ ಒತ್ತಿದ್ರ ಹುಲಿ ಗುರ್ ಅಂದಂಗ ಸಪ್ಪಳಾಗ್ತೈತಿ, ಹೆದರಬ್ಯಾಡ. ದಾರಿ ಕಡೀ ಸೀಟ ಕೇಳು. ನಾ ಎಷ್ಟ ಸರ್ತಿ ಎದ್ದೆನೋ, ಯಾರೂ ಏನೂ ಅನ್ನಲಿಲ್ಲ."

ಜೈತೂನಬಿ ತಾನೂ ಆ ಸಂದಿಯಲ್ಲಿ ನಿಂತು, ತಿರುಗಿ, ಅಳತೆ ನೋಡಿದಳು. ಆಮೇಲೆ ಕೂತು ಅಕ್ಬರಬಿ ಕೊಟ್ಟ ನೀರನ್ನು ಗಟಗಟನೆ ಕುಡಿದಳು. ತಿರುಗಿ ಬರುವಾಗ ಬಸ್ಸಿನಲ್ಲಿ ಚೀಲಕ್ಕೆ ಏನೇನು ತುಂಬಬೇಕೆಂಬ ಮಾತೇ ಮಾತು. ಶಾಹೀನ್ ಮೂಗು ಒರೆಸಿಕೊಳ್ಳುತ್ತ ಹ್ಞೂಂಗುಟ್ಟಿದಳು.

ತಾಯಿ ಮಗ ಉಮ್ರಾಕ್ಕೆ ಹೊರಟರು. ಕಿಟಕಿಯ ಸೀಟು ಅಶ್ಫಾಕನ ಪಾಲಿಗೆ ಬಂದಿತ್ತು. ರಾಣೆಬೆನ್ನೂರು ಸ್ಟೇಶನ್ನಿನಲ್ಲಿ ರೈಲು ಹತ್ತಿಸುವಾಗ ಶಾಹೀನ್ ಅವನಿಗೆ ಒಂದೇ ಮಾತು ಹೇಳಿದಳು. "ಏರುವಾಗ ರೆಕ್ಕಿ ನೋಡ್ರಿ. ಮೋಡದ ಮ್ಯಾಲ ಹೋದ ಮ್ಯಾಲ ಹೆಂಗ ಕಾಣತೈತಿ ಅದನ್ನೂ ನೋಡ್ರಿ. ಬಂದ ಮ್ಯಾಲ ನನಗ ಹೇಳ್ಬೇಕು." ಅವನು ತಲೆಯಾಡಿಸಿದ್ದ.

ಜೆದ್ದಾದಲ್ಲಿ ಇಳಿದು ಫೋನು ಮಾಡಿದಾಗ ಆಕೆ ಮೊದಲು ಕೇಳಿದ್ದೇ ಅದು.

"ಏನಿಲ್ಲ" ಎಂದ ಅಶ್ಫಾಕ. "ಬಿಸಲು ಕಣ್ಣಿಗೆ ಹೊಡ್ಯಾಕತ್ತಿತ್ತು. ಕಿಟಕಿ ಮುಚ್ಚಿ ಮಕ್ಕೊಂಡೆ."

"ಪೂರ್ತಿ ಮಕ್ಕೊಂಡ್ರ್ಯಾ?"

"ಪೂರ್ತಿ. ಯಾಕ, ಸಿಟ್ಟಾದ್ಯೇನು?"

"ಅಮ್ಮೀಗ ಫೋನ ಕೊಡ್ರಿ."

ಜೈತೂನಬಿಯ ದನಿ ಗೆಲುವಾಗಿತ್ತು. ಎಲ್ಲ ಸುರಳೀತ ಆಯಿತು, ಊಟವೂ ಚಲೋ ಇತ್ತು, ಅಕ್ಬರಬಿ ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ ಎಂದಳು.

"ಮೆಕ್ಕಾಕ್ಕ ಹೋದ ಕೂಡ್ಲೇ ನಿನ್ನ ಸಲುವಾಗಿ ದುವಾ ಮಾಡ್ತೇನಿ ಬೇಟಾ. ಒಂದ್ಸರ್ತಿ ನನ್ನ ಸೊಸೀನ್ನೂ ಖರೇ ವಿಮಾನದಾಗ ಕುಂದ್ರಸಪಾ ಅಂತ. ನಡಸಾಕ ಅಲ್ಲ ಮತ್ತ! ಬರೇ ಕುಂದ್ರಾಕ."

ಶಾಹೀನಳಿಗೆ ನಗು ಬಂತು. ಸಿಟ್ಟು ಮಾತ್ರ ಇಳಿಯಲಿಲ್ಲ.